ಶಿರಹಟ್ಟಿಯ ಹಸಿರು ಚೌಕ

ಬೆಳಗಿನ ಆರೂವರೆಗೆ ಗದಗ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಡಯಾಲಿಸಿಸ್ ಕೇಂದ್ರಗಳು ಒಟ್ಟಿಗೆ ಬಾಗಿಲು ತೆರೆಯುತ್ತಿದ್ದವು. ನಾಲ್ಕೂ ಕಡೆ ಮೊದಲ ಕೆಲಸ ಕಂಪ್ಯೂಟರಿನಲ್ಲಿ ಅಂದಿನ ಪಾಳಿಪಟ್ಟಿ ತೆರೆಯುವುದು. ಯಾವ ಮಷಿನ್ ಯಾವ ಹೊತ್ತಿಗೆ ಯಾರಿಗೆ, ಎಲ್ಲಿ ಜಾಗ ಖಾಲಿ ಇದೆ ಎನ್ನುವುದು ಅದರಲ್ಲಿ ಇರುತ್ತಿತ್ತು. ಆ ಪುಟ ತೆರೆಯಲು ನಲವತ್ತು ಸೆಕೆಂಡು ಹಿಡಿಯುತ್ತಿತ್ತು. ಸೋಮವಾರ, ಗುರುವಾರಗಳಂದು ಒಂದೊಂದು ಸಲ ತೆರೆಯುತ್ತಲೇ ಇರಲಿಲ್ಲ.

ಆ ಪಟ್ಟಿಯನ್ನು ನೋಡಿಕೊಳ್ಳುವವಳು ನಾನು. ಗದಗಿಗೆ ಅಂಟಿಕೊಂಡ ಬೆಟಗೇರಿಯಲ್ಲಿ ಒಂದು ಮುದ್ರಣಾಲಯದ ಮಾಳಿಗೆಯ ಮೇಲೆ ನನ್ನ ಕಚೇರಿ. ಕೇಂದ್ರಗಳನ್ನು ನಡೆಸುತ್ತಿದ್ದ ಧರ್ಮಾರ್ಥ ಸಂಸ್ಥೆಯವರು ಪಟ್ಟಿಯನ್ನು ಹಿಂದೆ ಬೇರೆ ಯಾರಿಂದಲೋ ಮಾಡಿಸಿ, ಅವರು ಊರು ಬಿಟ್ಟ ಮೇಲೆ ನನ್ನ ಕೈಗೆ ಕೊಟ್ಟಿದ್ದರು. ಒಂದು ಸೋಮವಾರ ಬೆಳಿಗ್ಗೆ ಮುಂಡರಗಿ ಕೇಂದ್ರದ ಡಯಾಲಿಸಿಸ್ ತಂತ್ರಜ್ಞರು ಫೋನ್ ಮಾಡಿದರು.

"ಮೇಡಂ, ನಿಮ್ಮ ಪಟ್ಟಿ ಬರೇ ತಿರಗಾಕತ್ತೈತಿ. ನನ್ನ ಮುಂದ ಎಂಟು ಮಂದಿ ಕುಂತಾರ. ಒಬ್ಬಾಕಿಗೆ ದಮ್ಮು ಹತ್ತೈತಿ. ಹಾಳಿ ಮ್ಯಾಲ ಬರಕೊಂಡು ಚಾಲೂ ಮಾಡ್ಲೇನು?"

"ಮಾಡ್ರಿ, ಸರ್. ಆಮ್ಯಾಲ ನಾನ ತುಂಬಸ್ತೀನಿ," ಎಂದೆ.

ಹಾಳೆಯ ಮೇಲೆ ಬರೆದುಕೊಂಡದ್ದು ಉಳಿದ ಮೂರು ಊರಿಗೆ ಕಾಣುವುದಿಲ್ಲ. ಅದಕ್ಕಾಗಿ ಅವರೆಲ್ಲ ಒಂದು ರೂಢಿ ಮಾಡಿಕೊಂಡಿದ್ದರು. ರೋಗಿಯನ್ನು ಬೇರೆ ಊರಿಗೆ ಕಳಿಸುವ ಮೊದಲು ಆ ಊರಿಗೆ ಫೋನ್ ಮಾಡಿ, ಜಾಗ ಇದೆಯೇ ಎಂದು ಬಾಯಿಯಿಂದ ಕೇಳುವುದು. ಬೆಳಗಿನ ಗದ್ದಲದಲ್ಲಿ ಫೋನ್ ಎತ್ತುವವರು ಸಿಗದೆ ರೋಗಿಗಳು ಗಂಟೆಗಟ್ಟಲೆ ಬೆಂಚಿನ ಮೇಲೆ ಕೂತಿರುತ್ತಿದ್ದರು. ಸಂಸ್ಥೆಯ ಕಾರ್ಯದರ್ಶಿಗಳು ನನ್ನನ್ನು ಗದಗಿನ ಆಫೀಸಿಗೆ ಕರೆಸಿ ಹೇಳಿದರು, "ನೋಡ್ರಿ ಮೇಡಂ, ಇದನ್ನ ಜಲ್ದಿ ಓಡೂ ಹಂಗ ಮಾಡ್ರಿ. ಮಂದಿ ಬೈಯಾಕತ್ತಾರ."

ಮೊದಲು ಅಳೆದೆ. ಎಲ್ಲಿ ಹೊತ್ತು ಹೋಗುತ್ತಿದೆ ಎಂದು ಗೊತ್ತಿಲ್ಲದೆ ಕೈ ಹಾಕಬಾರದು ಎನ್ನುವಷ್ಟು ಬುದ್ಧಿ ನನಗಿತ್ತು. ಆ ಪಟ್ಟಿಯನ್ನು ಒಂದು ವೆಬ್ ಫ್ರೇಮ್‌ವರ್ಕಿನ, ಅಂದರೆ ವೆಬ್ ಪುಟ ಕಟ್ಟಲು ಸಿಗುವ ಸಿದ್ಧ ಚೌಕಟ್ಟಿನ, ಮೇಲೆ ಕಟ್ಟಿದ್ದರು. ಅದರ ಸೆಟ್ಟಿಂಗುಗಳ ಕಡತ ತೆರೆದು ನೋಡಿದರೆ, ತಪ್ಪು ಹುಡುಕಲು ಬಳಸುವ ಡಿಬಗ್ ಸ್ಥಿತಿ ಹಾಗೆಯೇ ಚಾಲೂ ಇತ್ತು. ಆ ಸ್ಥಿತಿಯಲ್ಲಿ ಫ್ರೇಮ್‌ವರ್ಕು ಡೇಟಾಬೇಸಿಗೆ ಕೇಳಿದ ಪ್ರತಿಯೊಂದು ಪ್ರಶ್ನೆಯನ್ನೂ ಮೆಮೊರಿಯಲ್ಲಿ ಕೂಡಿಡುತ್ತದೆ. ಒಂದು ಸಲ ಪಟ್ಟಿ ತೆರೆದರೆ ಎಷ್ಟು ಪ್ರಶ್ನೆ ಹೋಗುತ್ತವೆ ಎಂದು ಎಣಿಸಿದೆ. ನಾನೂರಕ್ಕೂ ಮೇಲೆ. ಪ್ರೋಗ್ರಾಮು ಮೊದಲು ಇಡೀ ಪಟ್ಟಿಯನ್ನು ತರುತ್ತಿತ್ತು. ಆಮೇಲೆ ಪಟ್ಟಿಯಲ್ಲಿದ್ದ ಒಬ್ಬೊಬ್ಬ ರೋಗಿಯ ಹೆಸರಿಗೆ, ಮಷಿನ್ನಿಗೆ, ರಕ್ತದ ಗುಂಪಿಗೆ ಬೇರೆ ಬೇರೆಯಾಗಿ ಹೋಗಿ ಬರುತ್ತಿತ್ತು. ಇಷ್ಟನ್ನೂ ಮಾಡಲು ಸರ್ವರಿನಲ್ಲಿ ಇದ್ದದ್ದು ಒಂದೇ ಒಂದು ವರ್ಕರ್. ವರ್ಕರ್ ಎಂದರೆ ಬಂದ ಕೋರಿಕೆಗೆ ಉತ್ತರ ತಯಾರಿಸಿ ಕೊಡುವ ಪ್ರೋಗ್ರಾಮಿನ ಒಂದು ಪ್ರತಿ. ಒಂದೇ ಇದ್ದಾಗ ಶಿರಹಟ್ಟಿಯವರ ಉತ್ತರ ಮುಗಿಯುವವರೆಗೆ ಉಳಿದವರು ಕಾಯಬೇಕು.

ಡಿಬಗ್ ಆರಿಸಿದೆ. ನಲವತ್ತು ಸೆಕೆಂಡು ಮೂವತ್ತಕ್ಕೆ ಇಳಿಯಿತು. ಆಮೇಲೆ ಒಂದು ಭಾನುವಾರ ಮಧ್ಯಾಹ್ನ, ಕೇಂದ್ರಗಳಿಗೆ ರಜೆ ಇದ್ದಾಗ, ಒಂದು ವರ್ಕರ್ ಇದ್ದಲ್ಲಿ ಎಂಟು ಇಟ್ಟೆ. ಸೋಮವಾರ ಬೆಳಿಗ್ಗೆ ಆರೂಮುಕ್ಕಾಲಿಗೆ ಸರ್ವರಿನ ಮೆಮೊರಿ ತುಂಬಿ ಎಲ್ಲವೂ ಒಮ್ಮೆಲೇ ನಿಂತುಹೋಯಿತು. ಲಕ್ಷ್ಮೇಶ್ವರ ಕೇಂದ್ರದ ನರ್ಸ್ ಸಿಸ್ಟರ್ ಅತ್ತೇ ಬಿಡುವ ಹಾಗೆ ಫೋನಿನಲ್ಲಿ ಮಾತಾಡಿದರು. ಎಂಟನ್ನು ನಾಲ್ಕು ಮಾಡಿದೆ. ಡೇಟಾಬೇಸಿನ ಸಂಪರ್ಕವನ್ನು ಪ್ರತಿ ಸಲ ಹೊಸದಾಗಿ ತೆರೆಯದೆ ಹಿಡಿದಿಟ್ಟುಕೊಳ್ಳುವಂತೆ ಮಾಡಿದೆ. ಹತ್ತು ಹನ್ನೆರಡು ಸೆಕೆಂಡಿಗೆ ಬಂತು.

ಅಲ್ಲಿಂದ ಮುಂದೆ ಮಾಡಬೇಕಿದ್ದ ಕೆಲಸ ಆ ನಾನೂರು ಪ್ರಶ್ನೆಗಳನ್ನು ಹತ್ತಕ್ಕೆ ಇಳಿಸುವುದು. ಅದಕ್ಕೆ ಹಳೆಯ ಪ್ರೋಗ್ರಾಮನ್ನು ಸಾಲು ಸಾಲಾಗಿ ಓದಿ ಬಿಚ್ಚಿ ಕಟ್ಟಬೇಕು. ಎರಡು ಮೂರು ವಾರದ ಕೆಲಸ. ಕಾರ್ಯದರ್ಶಿಗಳು ದಿನಕ್ಕೆ ಎರಡು ಸಲ ಫೋನ್ ಮಾಡುತ್ತಿದ್ದರು. ನಾನು ಹತ್ತಿರದ ದಾರಿ ಹಿಡಿದೆ. ಫ್ರೇಮ್‌ವರ್ಕಿನಲ್ಲೇ ಕ್ಯಾಶಿಂಗ್ ಎಂಬ ಸೌಲಭ್ಯವಿದೆ. ಒಮ್ಮೆ ತಯಾರಾದ ಪುಟದ ನಕಲನ್ನು ಮೆಮೊರಿಯಲ್ಲಿ ಇಟ್ಟುಕೊಂಡು, ಮತ್ತೆ ಕೇಳಿದವರಿಗೆ ಅದನ್ನೇ ಕೊಡುವುದು. ಡೇಟಾಬೇಸಿನ ತನಕ ಹೋಗುವ ಮಾತೇ ಇಲ್ಲ. ಯಾರಾದರೂ ಹೊಸ ಜಾಗ ಹಿಡಿದರೆ ಅಥವಾ ಬಿಟ್ಟರೆ ನಕಲು ಅಳಿಸಿಹೋಗಬೇಕು ಎಂದು ಬರೆದೆ. ಹೇಗೂ ಅಳಿಸಿಹೋಗುತ್ತದಲ್ಲ ಎಂದು ನಕಲಿನ ಆಯುಷ್ಯವನ್ನು ಒಂದು ತಾಸು ಇಟ್ಟೆ. ನನ್ನ ಕಂಪ್ಯೂಟರಿನಲ್ಲಿ ಇಪ್ಪತ್ತು ಸಲ ಪರೀಕ್ಷೆ ಮಾಡಿದೆ. ಜಾಗ ಹಿಡಿದರೆ ಪಟ್ಟಿಯಲ್ಲಿ ಆ ಜಾಗದ ಚೌಕ ಕೆಂಪಾಗುತ್ತಿತ್ತು, ಬಿಟ್ಟರೆ ಹಸಿರಾಗುತ್ತಿತ್ತು. ಒಂದು ಸಲವೂ ತಪ್ಪಲಿಲ್ಲ.

ನನ್ನ ಕಂಪ್ಯೂಟರಿನಲ್ಲಿ ಇದ್ದದ್ದು ಒಂದೇ ವರ್ಕರ್. ಅದು ನೆನಪಿಗೆ ಬರಲಿಲ್ಲ.

ಸರ್ವರಿಗೆ ಹಾಕಿದ ದಿನ ಪುಟ ಅರ್ಧ ಸೆಕೆಂಡಿನಲ್ಲಿ ತೆರೆಯಿತು. ಶಿರಹಟ್ಟಿಯವರು ನಂಬಲಿಲ್ಲ, ಎರಡು ಮೂರು ಸಲ ಮುಚ್ಚಿ ತೆರೆದರಂತೆ. ನಾಲ್ಕೂ ಕೇಂದ್ರದವರನ್ನು ಗದಗಿನಲ್ಲಿ ಕೂಡಿಸಿ ಹೊಸ ಪುಟ ತೋರಿಸಿದೆ. ಹಸಿರು ಚೌಕವೆಂದರೆ ಖಾಲಿ, ಕೆಂಪೆಂದರೆ ತುಂಬಿದೆ. ಲಕ್ಷ್ಮೇಶ್ವರದ ಸಿಸ್ಟರ್ ಕೇಳಿದರು, "ಅಂದ್ರ ಇನ್ನ ಫೋನ್ ಮಾಡಿ ಕೇಳೂದು ಬ್ಯಾಡ್ರೀ ಮೇಡಂ?"

"ಬ್ಯಾಡ್ರಿ. ಹಸಿರು ಇದ್ರ ಸೀದಾ ಕಳಸ್ರಿ," ಎಂದೆ. ನನ್ನ ಬಾಯಿಂದಲೇ ಬಂದ ಮಾತು ಅದು. ಇಪ್ಪತ್ತು ಜನ ಕೇಳಿದರು.

ಮೂರು ವಾರ ಎಲ್ಲ ಸುಸೂತ್ರವಾಗಿ ನಡೆಯಿತು. ನಡುವೆ ಒಂದು ದಿನ ಮುಂಡರಗಿಯ ತಂತ್ರಜ್ಞರು ಹೇಳಿದ್ದುಂಟು, "ಮೇಡಂ, ಒಮ್ಮೊಮ್ಮೆ ಮತ್ತೊಮ್ಮೆ ಒತ್ತಿದ್ರ ಬ್ಯಾರೇನ ತೋರಸ್ತೈತಿ ನೋಡ್ರಿ." ನಿಮ್ಮ ನೆಟ್‌ವರ್ಕ್ ಸರಿ ಇರಲಿಕ್ಕಿಲ್ಲ, ಬ್ರೌಸರ್ ಮುಚ್ಚಿ ತೆರೆಯಿರಿ ಎಂದು ನಾನು ಹೇಳಿದೆ. ಅವರು ಹೂಂ ಎಂದರು. ಆ ಕರೆ ಎರಡು ನಿಮಿಷವೂ ಇರಲಿಲ್ಲ.

ಲಕ್ಷ್ಮೇಶ್ವರ ಕೇಂದ್ರದಲ್ಲಿ ನೀರು ಶುದ್ಧ ಮಾಡುವ ಯಂತ್ರ ಕೆಟ್ಟದ್ದು ಒಂದು ಭಾನುವಾರ. ಶುದ್ಧ ನೀರಿಲ್ಲದೆ ಡಯಾಲಿಸಿಸ್ ಮಷಿನ್ ನಡೆಯುವುದಿಲ್ಲ. ಸೋಮವಾರ ಬಂದವರಿಗೆಲ್ಲ ನಾಳೆ ಬನ್ನಿ ಎಂದು ಹೇಳಿ ಕಳಿಸಿದರು. ಅವರಲ್ಲಿ ಹತ್ತಿರದ ಶಿಗ್ಲಿ ಊರಿನ ಒಬ್ಬ ಹೆಣ್ಣುಮಗಳಿದ್ದಳು. ವಯಸ್ಸು ನಲವತ್ತರ ಆಸುಪಾಸು, ಮನೆಯಲ್ಲೇ ಕುಪ್ಪಸ ಹೊಲಿಯುತ್ತಿದ್ದಳು. ಗಾದಿ ತಯಾರಿಸುವ ಅಣ್ಣನ ಮನೆಯಲ್ಲಿ ಇರುತ್ತಿದ್ದಳು. ಸೋಮವಾರ, ಗುರುವಾರ ಅವಳ ಪಾಳಿ. ಗುರುವಾರದ ನಂತರ ರಕ್ತ ಶುದ್ಧವಾಗಿರಲಿಲ್ಲ. ಮಂಗಳವಾರ ಬೆಳಿಗ್ಗೆ ಅಣ್ಣ ತನ್ನ ಗಾದಿ ಸಾಗಿಸುವ ಮೂರು ಗಾಲಿಯ ಟಂಟಂ ಗಾಡಿಯಲ್ಲಿ ಅವಳನ್ನು ಲಕ್ಷ್ಮೇಶ್ವರಕ್ಕೆ ಕರೆತಂದ. ಯಂತ್ರ ಇನ್ನೂ ರಿಪೇರಿ ಆಗಿರಲಿಲ್ಲ.

ಸಿಸ್ಟರ್ ಪಟ್ಟಿ ತೆರೆದರು. ಶಿರಹಟ್ಟಿಯಲ್ಲಿ ಒಂದು ಹಸಿರು ಚೌಕ. ಸೀದಾ ಕಳಿಸಿದರು.

ಶಿರಹಟ್ಟಿಗೆ ಹೋದರೆ ಅಲ್ಲಿ ಎಲ್ಲ ಮಷಿನ್‌ಗಳೂ ಓಡುತ್ತಿದ್ದವು. ಮುಂದಿನ ಪಾಳಿಗೂ ಜನ ಕೂತಿದ್ದರು. ಅಲ್ಲಿಯ ತಂತ್ರಜ್ಞೆ ತಮ್ಮ ಕಂಪ್ಯೂಟರಿನಲ್ಲಿ ನೋಡಿದರು. ಗದಗ ಪೂರ್ತಿ ಕೆಂಪು, ಮುಂಡರಗಿಯಲ್ಲಿ ಮಧ್ಯಾಹ್ನಕ್ಕೆ ಒಂದು ಹಸಿರು. ಮುಂಡರಗಿಗೆ ಹೋಗಿ ಎಂದರು. ಒಳದಾರಿ ಕಿತ್ತುಹೋಗಿದ್ದರಿಂದ ಅಣ್ಣ ಗದಗಿನ ಮೇಲೆ ಹಾಯ್ದು ಹೋದ. ಮುಂಡರಗಿ ದಾರಿಯ ನಡುವಿನ ಡಂಬಳ ಇನ್ನೂ ದೂರವಿರುವಾಗಲೇ ತಂಗಿಗೆ ಉಸಿರು ಹಿಡಿಯಲು ಶುರುವಾಯಿತು. ಗಾಡಿ ತಿರುಗಿಸಿ ಗದಗಿನ ಒಂದು ಆಸ್ಪತ್ರೆಗೆ ತಂದ. ಅಲ್ಲಿ ಸ್ಟ್ರೆಚರ್ ಮೇಲೆ ಮಲಗಿಸಿ ಒಳಗೆ ಒಯ್ಯುವಾಗ ಅವಳ ಹೃದಯ ನಿಂತಿತು. ಮತ್ತೆ ನಡೆಯಲಿಲ್ಲ.

ಇದೆಲ್ಲ ನನಗೆ ತಿಳಿದದ್ದು ಮರುದಿನ, ಕಾರ್ಯದರ್ಶಿಗಳ ಕೋಣೆಯಲ್ಲಿ. ಲಕ್ಷ್ಮೇಶ್ವರದ ಸಿಸ್ಟರ್ ಗೋಡೆಗೆ ಒರಗಿ ನಿಂತಿದ್ದರು. ಕೂಡ್ರಿ ಎಂದು ಯಾರೂ ಹೇಳಿರಲಿಲ್ಲ.

"ನಾ ಖರೇ ಹೇಳ್ತೀನ್ರಿ. ಹಸಿರಿತ್ತು. ನನ್ನ ಕಣ್ಣಾರೆ ನೋಡೇನಿ," ಎಂದರು ಅವರು.

"ಶಿರಹಟ್ಟ್ಯಾಗ ಏಳೂ ಐವತ್ತಕ್ಕ ಆ ಜಾಗ ತುಂಬೈತಿ. ನೀವು ನೋಡಿದ್ದು ಎಂಟರ ಮ್ಯಾಲ. ಹೆಂಗ ಹಸಿರಿರ್ತೈತಿ?" ಕಾರ್ಯದರ್ಶಿಗಳು ಕೇಳಿದರು. ಆಮೇಲೆ ನನ್ನ ಕಡೆ ತಿರುಗಿದರು. "ಮೇಡಂ, ನೀವ ಹೇಳ್ರಿ. ಹಂಗ ಆಗಾಕ ಸಾಧ್ಯ ಐತೇನು?"

ಅರ್ಧ ದಿನ ಟೈಮ್ ಕೊಡಿ ಎಂದು ಬೆಟಗೇರಿಗೆ ಬಂದು ನನ್ನ ಕಂಪ್ಯೂಟರಿನಲ್ಲಿ ಅದೇ ಸಂದರ್ಭವನ್ನು ಮತ್ತೆ ಮತ್ತೆ ಮಾಡಿ ನೋಡಿದೆ. ಜಾಗ ಹಿಡಿದ ಕೂಡಲೇ ಕೆಂಪು. ಸಂಜೆ ಫೋನ್ ಮಾಡಿ, ನನ್ನ ಪರೀಕ್ಷೆಯಲ್ಲಿ ತಪ್ಪೇನೂ ಕಾಣಲಿಲ್ಲ ಎಂದೆ. ಹೇಳಿದ್ದು ಸುಳ್ಳಲ್ಲ. ಆದರೆ ಆ ಮಾತಿನಿಂದ ಏನಾಗುತ್ತದೆ ಎನ್ನುವುದು ನನಗೆ ಗೊತ್ತಿತ್ತು. ಸಿಸ್ಟರನ್ನು ಮಾರನೆಯ ದಿನವೇ ಕೆಲಸದಿಂದ ದೂರ ಇಟ್ಟರು. ಅಜಾಗರೂಕತೆ ಎಂದು ಕಾರಣ ಬರೆದರು. ಮೃತಳ ಅಣ್ಣ ಕೇಂದ್ರಕ್ಕೆ ಬಂದು ಎಲ್ಲರ ಎದುರಿಗೆ ಅವರನ್ನು ಬೈದು ಹೋದನೆಂದೂ ಕೇಳಿದೆ.

ನಾಲ್ಕು ದಿನ ನನಗೆ ಸಮಾಧಾನವಿರಲಿಲ್ಲ. ಸಿಸ್ಟರ್ ಸುಳ್ಳು ಹೇಳಿದ್ದಾರೆ ಎಂದು ನಂಬಲು ಪ್ರಯತ್ನಿಸಿದೆ. ಹಿಂದಿನ ದಿನದ ಪುಟ ತೆರೆದಿಟ್ಟದ್ದನ್ನೇ ನೋಡಿರಬಹುದು ಎಂದುಕೊಂಡೆ. ಆದರೆ ಸಿಸ್ಟರ್ ನನಗೆ ವರ್ಷಗಳಿಂದ ಗೊತ್ತು. ಒಂದು ಸೂಜಿ ಹೆಚ್ಚು ಖರ್ಚಾದರೂ ಬರೆದಿಡುವವರು. ಐದನೆಯ ದಿನ ಬಸ್ ಹತ್ತಿ ಲಕ್ಷ್ಮೇಶ್ವರಕ್ಕೆ ಹೋದೆ. ನೀರಿನ ಯಂತ್ರ ಅಷ್ಟರಲ್ಲಿ ಸರಿಯಾಗಿತ್ತು. ಸಿಸ್ಟರ್ ಜಾಗದಲ್ಲಿ ಗದಗಿನಿಂದ ಬಂದ ಬೇರೆಯವರು ಇದ್ದರು. ಸಿಸ್ಟರ್ ಮನೆ ಅಲ್ಲೇ ಹಿಂದಿನ ಓಣಿಯಲ್ಲಿ. ಹೋಗಿ ಕರೆದೆ.

"ನಾ ಯಾಕ ಬರ್ಲಿ? ನೀವ ಹೇಳೀರಂತಲ್ಲ, ತಪ್ಪಿಲ್ಲ ಅಂತ," ಎಂದರು ಬಾಗಿಲಲ್ಲೇ ನಿಂತು.

"ಹೇಳೇನ್ರಿ. ಆದ್ರ ನೀವು ಹೆಂಗ ನೋಡಿದ್ರಿ ಅನ್ನೂದನ್ನ ನಾ ನೋಡಿಲ್ಲ. ಒಂದ್ಸಲ ತೋರಸ್ರಿ, ಸಿಸ್ಟರ್."

ಅವರು ಚಪ್ಪಲಿ ಮೆಟ್ಟಿಕೊಂಡು ಬಂದರು. ಕೇಂದ್ರದ ಕಂಪ್ಯೂಟರಿನ ಎದುರು ಕೂತೆವು. ನಾನು ಶಿರಹಟ್ಟಿಯ ತಂತ್ರಜ್ಞೆಗೆ ಫೋನ್ ಹಚ್ಚಿ, ಮುಂದಿನ ವಾರದ ಒಂದು ಖಾಲಿ ಜಾಗಕ್ಕೆ ಪರೀಕ್ಷೆಗೆಂದು ಒಂದು ಸುಳ್ಳು ಹೆಸರು ತುಂಬಿಸಲು ಹೇಳಿದೆ. ತುಂಬಿದೆ ಎಂದರು.

"ಈಗ ನೀವು ದಿನಾ ಮಾಡೂ ಹಂಗ ಮಾಡ್ರಿ," ಎಂದೆ ಸಿಸ್ಟರ್‌ಗೆ.

ಅವರು ಪುಟ ತೆರೆದರು. ಶಿರಹಟ್ಟಿಯ ಆ ಚೌಕ ಹಸಿರಾಗಿತ್ತು. "ಮತ್ತ ಒತ್ತರಿ," ಎಂದೆ. ಕೆಂಪು. ಮತ್ತೆ ಒತ್ತಿದರು. ಹಸಿರು. ಮತ್ತೆ ಹಸಿರು. ಮತ್ತೆ ಕೆಂಪು.

ಸಿಸ್ಟರ್ ಒತ್ತುವುದನ್ನು ನಿಲ್ಲಿಸಲಿಲ್ಲ. "ನೋಡ್ರಿ, ನೋಡ್ರಿ," ಎನ್ನುತ್ತಿದ್ದರು. ನನಗೆ ಅಲ್ಲಿಯೇ ಎಲ್ಲ ಅರ್ಥವಾಯಿತು. ನಾಲ್ಕು ವರ್ಕರ್‌ಗಳು. ನಾನು ಆರಿಸಿದ್ದ ಬಗೆಯ ಕ್ಯಾಶಿಂಗ್‌ನಲ್ಲಿ ಪ್ರತಿ ವರ್ಕರ್ ತನ್ನದೇ ನಕಲನ್ನು ತನ್ನ ಮೆಮೊರಿಯಲ್ಲಿ ಇಟ್ಟುಕೊಳ್ಳುತ್ತದೆ. ಜಾಗ ತುಂಬಿದ ಸುದ್ದಿ ಯಾವ ವರ್ಕರ್‌ಗೆ ಬಂತೋ ಅದು ತನ್ನ ನಕಲನ್ನು ಅಳಿಸಿತು. ಉಳಿದ ಮೂರಕ್ಕೆ ಖಬರೇ ಇಲ್ಲ. ಅವು ಒಂದು ತಾಸಿನವರೆಗೆ ಹಳೆಯದನ್ನೇ ತೋರಿಸುತ್ತವೆ. ಮುಂಡರಗಿಯ ತಂತ್ರಜ್ಞರು ಹೇಳಿದ್ದು ಇದನ್ನೇ. ನೆಟ್‌ವರ್ಕ್ ಸರಿಯಿಲ್ಲ ಎಂದು ಅವರ ಬಾಯಿ ಮುಚ್ಚಿಸಿದ್ದು ನಾನು.

"ನಿಮ್ದಲ್ಲ, ಸಿಸ್ಟರ್. ತಪ್ಪು ನಂದು," ಎಂದೆ.

ಅವರು ಸೆರಗಿನಿಂದ ಮುಖ ಒರೆಸಿಕೊಂಡು ಕಿಟಕಿಯ ಕಡೆ ತಿರುಗಿ ಕೂತರು.

ಆ ಕ್ಷಣಕ್ಕೆ ನನಗೆ ಎರಡು ದಾರಿಗಳು ಇದ್ದವು. ಮನೆಗೆ ಹೋಗಿ, ನಾಲ್ಕೂ ವರ್ಕರ್‌ಗಳು ಒಂದೇ ನಕಲನ್ನು ಹಂಚಿಕೊಳ್ಳುವ ಏರ್ಪಾಟು ಮಾಡಿ, ಯಾರಿಗೂ ಗೊತ್ತಾಗದಂತೆ ಸರಿಪಡಿಸಬಹುದಿತ್ತು. ಪುಟ ಅಷ್ಟೇ ಬೇಗ ತೆರೆಯುತ್ತಿತ್ತು. ಅದಕ್ಕೆ ಒಂದು ದಿನವಾದರೂ ಬೇಕು, ಅಲ್ಲಿಯವರೆಗೆ ನಾಲ್ಕು ಊರಿನವರೂ ಆ ಚೌಕಗಳನ್ನು ನಂಬುತ್ತಲೇ ಇರುತ್ತಾರೆ. ನಾನು ಚೀಲದಿಂದ ಲ್ಯಾಪ್‌ಟಾಪ್ ತೆಗೆದು, ಅಲ್ಲೇ ಕೂತು ಸರ್ವರಿಗೆ ಹೊಕ್ಕು, ಕ್ಯಾಶಿಂಗ್ ಪೂರ್ತಿ ಕಿತ್ತುಹಾಕಿದೆ. ಪುಟ ಮತ್ತೆ ಹನ್ನೆರಡು ಸೆಕೆಂಡಿಗೆ ಹೋಯಿತು. ಆಮೇಲೆ ಒಂದೊಂದೇ ಕೇಂದ್ರಕ್ಕೆ ಫೋನ್ ಮಾಡಿದೆ. "ನಾನು ಮಾಡಿದ ಕೆಲಸದಾಗ ತಪ್ಪಾಗೇತ್ರಿ. ಪಟ್ಟಿ ತಪ್ಪು ತೋರಿಸೇತಿ. ನಾ ಮತ್ತ ಹೇಳೂತನಕ ಫೋನ್ ಮಾಡಿ ಕೇಳದ ಯಾರನ್ನೂ ಕಳಸಬ್ಯಾಡ್ರಿ." ಮುಂಡರಗಿಯವರು "ಆತ್ರಿ," ಎಂದಷ್ಟೇ ಹೇಳಿ ಇಟ್ಟರು.

ಮರುದಿನ ಸರ್ವರಿನ ದಾಖಲೆಗಳನ್ನು ಕೂತು ಹೊಂದಿಸಿದೆ. ಯಾವ ಕೋರಿಕೆಗೆ ಯಾವ ವರ್ಕರ್ ಉತ್ತರ ಕೊಟ್ಟಿತು, ಅದು ತನ್ನ ನಕಲನ್ನು ಎಷ್ಟು ಹೊತ್ತಿಗೆ ತಯಾರಿಸಿತ್ತು ಎನ್ನುವುದು ಅವುಗಳಲ್ಲಿ ಇತ್ತು. ಜಾಗ ಹಿಡಿದ, ಬಿಟ್ಟ ಹೊತ್ತು ಡೇಟಾಬೇಸಿನಲ್ಲಿ ಇತ್ತು. ಮಂಗಳವಾರ ಎಂಟೂ ಐದಕ್ಕೆ ಲಕ್ಷ್ಮೇಶ್ವರದಿಂದ ಹೋದ ಕೋರಿಕೆಗೆ ಉತ್ತರಿಸಿದ್ದು ಮೂರನೆಯ ವರ್ಕರ್, ಏಳೂ ಇಪ್ಪತ್ತರ ನಕಲಿನಿಂದ. ಸಿಸ್ಟರ್ ನೋಡಿದ್ದು ಹಸಿರನ್ನೇ.

ಅಲ್ಲಿಗೆ ನಿಲ್ಲಿಸಬಹುದಿತ್ತು. ಸಿಸ್ಟರ್ ನಿರ್ದೋಷಿ ಎನ್ನಲು ಅಷ್ಟೇ ಸಾಕಿತ್ತು. ಆದರೆ ನಾನು ಶಿರಹಟ್ಟಿಯಿಂದ ಹೋದ ಕೋರಿಕೆಯನ್ನೂ ನೋಡಿದೆ. ಒಂಬತ್ತೂ ಇಪ್ಪತ್ತು. ಅದಕ್ಕೆ ಸಿಕ್ಕಿದ್ದೂ ಹಳೆಯ ನಕಲೇ. ಅದರಲ್ಲಿ ಗದಗ ಪೂರ್ತಿ ಕೆಂಪು. ಡೇಟಾಬೇಸಿನ ಪ್ರಕಾರ ಒಂಬತ್ತೂ ಹತ್ತಕ್ಕೆ ಗದಗಿನಲ್ಲಿ ಒಬ್ಬರು ಬರುವುದಿಲ್ಲವೆಂದು ತಿಳಿಸಿ ಜಾಗ ಬಿಟ್ಟಿದ್ದರು. ಆ ಮಷಿನ್ ಆ ಪಾಳಿ ಪೂರ್ತಿ ಖಾಲಿ ಉಳಿದಿತ್ತು. ಅಣ್ಣತಂಗಿಯರ ಗಾಡಿ ಗದಗ ದಾಟಿಕೊಂಡು ಹೋದದ್ದು ಆ ಹೊತ್ತಿನಲ್ಲೇ.

ಅದನ್ನು ಓದಿದ ಮೇಲೆ ಎದ್ದು ಹೋಗಿ ಮುಖ ತೊಳೆದುಕೊಂಡೆ. ಮತ್ತೆ ಬಂದು ಇನ್ನೊಮ್ಮೆ ಓದಿದೆ. ಹೊತ್ತು ಬದಲಾಗಿರಲಿಲ್ಲ. ಕೆಳಗೆ ಮುದ್ರಣಯಂತ್ರ ಯಾವುದೋ ಲಗ್ನಪತ್ರಿಕೆಗಳನ್ನು ಹೊಡೆಯುತ್ತಿತ್ತು.

ಎರಡು ಪುಟದ ವರದಿ ಬರೆದು ಕಾರ್ಯದರ್ಶಿಗಳ ಎದುರಿಗೆ ಇಟ್ಟೆ. ಅವರು ನಿಧಾನವಾಗಿ ಓದಿದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಸಿಸ್ಟರನ್ನ ನಾಳೇನ ವಾಪಸ್ ತಗೋತೀವಿ. ಅದು ಆತು. ಆದ್ರ ಇದನ್ನ ಹಿಂಗ ಬರಿಯೂದು ಬ್ಯಾಡ. ಸರ್ವರ್ ತೊಂದರೆ ಆಗಿತ್ತು ಅಂತ ಒಂದು ಸಾಲು ಬರೀರಿ, ಸಾಕು."

"ಸರ್ವರ್ ಸರಿ ಇತ್ರಿ. ಅದಕ್ಕ ನಾ ಹೇಳಿದ್ದ ತಪ್ಪಿತ್ತು."

"ನೋಡ್ರಿ, ಡಾಕ್ಟರೂ ಹೇಳ್ಯಾರ. ಐದು ದಿನ ಆಗಿತ್ತು ಅಕಿಗೆ. ಗದಗಿನ್ಯಾಗ ಹಚ್ಚಿದ್ರೂ ಉಳೀತಿದ್ಲು ಅಂತ ಯಾರು ಹೇಳ್ತಾರ?"

"ಯಾರೂ ಹೇಳೂದಿಲ್ರಿ. ಉಳೀತಿರಲಿಲ್ಲ ಅಂತಾನೂ ಯಾರೂ ಹೇಳೂದಿಲ್ಲ."

ಅವರು ಕೆಟ್ಟ ಮನುಷ್ಯರಲ್ಲ. ನಾಲ್ಕು ಊರಿನಲ್ಲಿ ಆ ಕೇಂದ್ರಗಳನ್ನು ತೆರೆಯಲು ವರ್ಷಗಟ್ಟಲೆ ಓಡಾಡಿದವರು. ಜನ ಹೆದರಿ ಬರುವುದನ್ನೇ ಬಿಟ್ಟರೆ ಏನು ಗತಿ ಎನ್ನುವುದು ಅವರ ಚಿಂತೆ. ನಾನು ವರದಿಯ ಒಂದು ಸಾಲನ್ನೂ ಬದಲಿಸಲಿಲ್ಲ. ಆ ಕುಟುಂಬಕ್ಕೂ ಹೇಳಬೇಕು, ನೀವು ಹೇಳದಿದ್ದರೆ ನಾನೇ ಹೋಗಿ ಹೇಳುತ್ತೇನೆ ಎಂದೆ. "ನಿಮಗ ತಿಳದಂಗ ಮಾಡ್ರಿ," ಎಂದು ಅವರು ಬೇರೆ ಕಾಗದ ಕೈಗೆತ್ತಿಕೊಂಡರು.

ಪಟ್ಟಿಯ ಕೆಲಸ ಮುಗಿಸಿ ಕೊಡುವವರೆಗೆ ಮಾತ್ರ ನನ್ನನ್ನು ಇಟ್ಟುಕೊಂಡರು. ಮೊದಲೇ ಮಾಡಬೇಕಾಗಿದ್ದ ಕೆಲಸಕ್ಕೆ ಆಗ ಕೂತೆ. ಹಳೆಯ ಪ್ರೋಗ್ರಾಮನ್ನು ಸಾಲು ಸಾಲಾಗಿ ಓದಿದೆ. ನಾನೂರು ಪ್ರಶ್ನೆಗಳು ಎಂಟಕ್ಕೆ ಬಂದವು. ದಿನಾಂಕದ ಮೇಲೆ ಹುಡುಕುವ ಕಡೆ ಡೇಟಾಬೇಸಿಗೆ, ಪುಸ್ತಕದ ಕೊನೆಗೆ ಇರುವಂಥ, ಒಂದು ಸೂಚಿ ಹಾಕಿದೆ. ನಾಲ್ಕು ವರ್ಕರ್‌ಗಳನ್ನೇ ಸರ್ವರಿನ ಮೇಲೆ ಓಡಿಸಿ, ಎರಡು ಕಂಪ್ಯೂಟರಿನಿಂದ ಒಟ್ಟಿಗೆ ಜಾಗ ಹಿಡಿದು, ಬಿಟ್ಟು ಪರೀಕ್ಷಿಸಿದೆ. ಯಾವ ನಕಲೂ ಇಲ್ಲದೆ, ಪ್ರತಿ ಸಲ ಡೇಟಾಬೇಸಿನಿಂದಲೇ ತಂದು ಪುಟ ಎರಡು ಸೆಕೆಂಡಿನೊಳಗೆ ತೆರೆಯತೊಡಗಿತು. ಎಲ್ಲ ಸೇರಿ ಹದಿನೇಳು ದಿನ ಹಿಡಿಯಿತು. ಆ ಹದಿನೇಳು ದಿನ ನನ್ನ ಕೈಯಲ್ಲಿ ಮೊದಲೂ ಇದ್ದವು.

ಆ ಕೆಲಸದ ನಡುವೆಯೇ ಒಂದು ಶುಕ್ರವಾರ ಮಧ್ಯಾಹ್ನ ಶಿಗ್ಲಿಗೆ ಹೋದೆ. ಬಸ್ಸಿನಿಂದ ಇಳಿದು ಗಾದಿಯವರ ಮನೆ ಎಲ್ಲಿ ಎಂದು ಕೇಳಿದರೆ ಎಲ್ಲರಿಗೂ ಗೊತ್ತಿತ್ತು. ಪಡಸಾಲೆಯ ತುಂಬ ಹಿಂಜಿದ ಅರಳೆ. ನಮಾಜು ಮುಗಿಸಿ ಆಗ ತಾನೇ ಬಂದ ಅಣ್ಣ ಅದರ ನಡುವೆ ಗಾದಿಯ ಚೀಲಕ್ಕೆ ಅರಳೆ ತುಂಬುತ್ತಾ ಕೂತಿದ್ದ. ನಾನು ಯಾರೆಂದು ಹೇಳಿದೆ. ಕುಂಡ್ರಿ ಎಂದು ಮಣೆ ತೋರಿಸಿದ. ಒಳಗಿನಿಂದ ಅವನ ಹೆಂಡತಿ ನೀರು ತಂದಿಟ್ಟು ಬಾಗಿಲಿಗೆ ಒರಗಿ ನಿಂತಳು.

ಕಂಪ್ಯೂಟರಿನ ಮಾತುಗಳನ್ನು ಎಷ್ಟು ಬಿಡಬಹುದೋ ಅಷ್ಟು ಬಿಟ್ಟು ಹೇಳಿದೆ. ಪಟ್ಟಿ ಬೇಗ ತೆರೆಯಲಿ ಎಂದು ನಾನು ಒಂದು ಬದಲಾವಣೆ ಮಾಡಿದ್ದೆ, ಅದರಿಂದ ಅದು ಹಳೆಯ ಸುದ್ದಿಯನ್ನು ಹೊಸದೆಂದು ತೋರಿಸಿತು, ಸಿಸ್ಟರ್ ತಪ್ಪು ನೋಡಲಿಲ್ಲ, ಫೋನ್ ಮಾಡಬೇಡಿ ಎಂದು ಹೇಳಿದ್ದೂ ನಾನೇ. ಅವನು ಕೈ ನಿಲ್ಲಿಸಿ ಕೇಳಿದ.

"ಅಂದ್ರ ಶಿರಹಟ್ಟ್ಯಾಗ ಜಾಗ ಇದ್ದಿಲ್ಲ," ಎಂದ ಕೊನೆಗೆ.

"ಇದ್ದಿಲ್ರಿ, ಅಣ್ಣಾರ."

"ಗದಗಿನ್ಯಾಗ?"

ಈ ಪ್ರಶ್ನೆ ಬರುತ್ತದೆಂದು ನನಗೆ ಗೊತ್ತಿತ್ತು. ಬಸ್ಸಿನಲ್ಲಿ ಬರುವಾಗ ದಾರಿಯುದ್ದಕ್ಕೂ, ಬಾರದಿರಲಿ ಎಂದುಕೊಂಡಿದ್ದೆ.

"ಇತ್ತು. ಒಂದು ಮಷಿನ್ ಖಾಲಿ ಇತ್ರಿ."

ಅವನು ತಲೆ ತಗ್ಗಿಸಿದ. ಕೈಯಲ್ಲಿದ್ದ ಅರಳೆಯನ್ನು ಹಿಚುಕುತ್ತಾ ಕೂತ.

"ಆ ಸೆಂಟರ್ ಮುಂದನ ಹಾದು ಹೋದ್ವಿ ನಾವು," ಎಂದ. "ಇಲ್ಲೇ ಕೇಳೂಣೇನಣ್ಣ ಅಂತ ಅಂದ್ಲು ಅಕಿ. ನಾ ಅಂದೆ, ಇಲ್ಲೆ ಜಾಗ ಇಲ್ಲಂತ, ಶಿರಹಟ್ಟ್ಯಾಗ ಹೇಳ್ಯಾರ, ಸುಮ್ನ ಕುಂಡ್ರ ಅಂತ. ಸ್ವಲ್ಪ ಜೋರಾಗೇ ಅಂದೆ. ಬೆಳಗಿನಿಂದ ತಿರಗಿ ತಿರಗಿ ನನಗೂ ತಲಿ ಕೆಟ್ಟಿತ್ತು. ಆಮ್ಯಾಲ ಅಕಿ ಮಾತಾಡ್ಲಿಲ್ಲ."

ಬಾಗಿಲಲ್ಲಿ ನಿಂತಿದ್ದ ಹೆಂಡತಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ತಪ್ಪಾಗೇತ್ರಿ, ಅಣ್ಣಾರ," ಎಂದೆ.

"ನೀವು ಇದನ್ನ ಹೇಳದ ಇದ್ದಿದ್ರ ಚಲೋ ಇತ್ತೇನೋ," ಎಂದ. ಸಿಟ್ಟಿನಿಂದ ಹೇಳಿದ್ದಲ್ಲ. "ಗೊತ್ತಿಲ್ಲ ನನಗ. ಈಗ ಏನೂ ತಿಳೀವಲ್ದು."

ಹೊರಗೆ ರಸ್ತೆಯಲ್ಲಿ ಒಂದು ಟ್ರ್ಯಾಕ್ಟರ್ ಹೋಯಿತು. ಆಮೇಲೆ ಅವನು ಅರಳೆಯನ್ನು ಪಕ್ಕಕ್ಕಿಟ್ಟು, ಅಂಗಿಗೆ ಅಂಟಿದ್ದ ಎಳೆಗಳನ್ನು ಜಾಡಿಸಿಕೊಂಡ.

"ಲಕ್ಷ್ಮೇಶ್ವರದ ಆ ಸಿಸ್ಟರ್ ನಂಬರ್ ಐತೇನ್ರಿ ನಿಮ್ಮ ಕಡೆ?"

"ಐತ್ರಿ."

"ಹಚ್ಚಿ ಕೊಡ್ರಿ. ಅಕಿಗೆ ನಾ ಮಂದಿ ಮುಂದ ಬಾಯಿಗೆ ಬಂದಂಗ ಬೈದೀನಿ. ನನ್ನ ತಂಗೀನ ಕೊಂದಾಕಿ ಅಂದೀನಿ."

ನನ್ನ ಫೋನಿನಿಂದ ಕರೆ ಮಾಡಿ ಅವನ ಕೈಗೆ ಕೊಟ್ಟೆ. ಅವನು ಎದ್ದು ಗೋಡೆಯ ಕಡೆ ಮುಖ ಮಾಡಿ ನಿಂತ. "ಸಿಸ್ಟರ್, ನಾನ್ರಿ, ಶಿಗ್ಲಿಯಿಂದ..." ಎಂದವನಿಗೆ ಮುಂದೆ ಮಾತೇ ಬರಲಿಲ್ಲ. ಅತ್ತಲಿಂದ ಸಿಸ್ಟರ್ ದನಿ ಸಣ್ಣಗೆ ಕೇಳುತ್ತಿತ್ತು. "ಹೇಳ್ರಿ ಅಣ್ಣಾರ, ನಾ ಕೇಳಾಕತ್ತೀನಿ, ಹೇಳ್ರಿ." ಅವನು ಫೋನನ್ನು ಕಿವಿಗೆ ಒತ್ತಿ ಹಿಡಿದ. ಆಮೇಲೆ ತಡೆದು ತಡೆದು ಏನೋ ಹೇಳಿದ. ನಾನು ಕೇಳಿಸಿಕೊಳ್ಳಬಾರದು ಎನ್ನಿಸಿ ಅಂಗಳಕ್ಕೆ ಇಳಿದೆ.

ಫೋನನ್ನು ಹೊರಗೆ ತಂದುಕೊಟ್ಟದ್ದು ಅವನ ಹೆಂಡತಿ. ಹೊರಡುವಾಗ ನಮ್ಮ ಕಡೆ ಹೋಗುತ್ತೇನೆ ಎನ್ನುವುದಿಲ್ಲ, ಬರ್ತೀನಿ ಎನ್ನುತ್ತೇವೆ. ಆ ಮನೆಯ ಬಾಗಿಲಲ್ಲಿ ಎರಡೂ ಮಾತು ನನ್ನ ಬಾಯಿಗೆ ಬರಲಿಲ್ಲ. ಅವಳಿಗೆ ಕೈ ಮುಗಿದು, ಬಸ್ ನಿಲ್ಲುವ ಕಡೆಗೆ ನಡೆದೆ.